‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದವರು ಸುಸ್ತಿದಾರರೇ?

ವಸತಿ ಸಂಘಗಳ ಮಾನ್ಯ ನೋಂದಣಾಧಿಕಾರಿಗಳೇ,

ಕಳೆದ ತಿಂಗಳ ಒಂಬತ್ತನೇ ತಾರೀಖು ಬೆಳಗ್ಗೆ, ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಹದಿಮೂರೇ ದಿನವಾಗಿದ್ದ ನನ್ನ ಅಕ್ಕನ ಲಿಫ್ಟ್ ಕಾರ್ಡನ್ನು ನಮ್ಮ ಅಪಾರ್ಟ್‌ಮೆಂಟಿನ ಮಾಲೀಕರ ಸಂಘ ರದ್ದು ಮಾಡಿತು. ಆ ಕಾರ್ಡು ತೋರಿಸದೆ ನಮ್ಮ ಲಿಫ್ಟು ಅಲುಗದು; ಆಕೆಯ ಮನೆ ನಾಲ್ಕನೇ ಮಹಡಿಯಲ್ಲಿದೆ. ಅಲ್ಲಿಂದ ನೆಲಕ್ಕೆ ಎಪ್ಪತ್ತೆರಡು ಮೆಟ್ಟಿಲು. ಇವತ್ತಿಗೆ ಇಪ್ಪತ್ತೊಂಬತ್ತು ದಿನವಾಯಿತು. ಇಷ್ಟು ದಿನದಲ್ಲಿ ಆಕೆ ಕೆಳಗಿಳಿದದ್ದು ಒಂದೇ ಸಲ, ಅದೂ ಇಬ್ಬರು ಹೊತ್ತ ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಆಕೆಯ ಅಪರಾಧವೇನು ಎಂದು ತಾವು ಕೇಳಬಹುದು. ಹಣ ಕಟ್ಟಲಿಲ್ಲವೇ? ಕಟ್ಟಲು ಹೋದದ್ದೇ ಅಪರಾಧ.

ನಮ್ಮಲ್ಲಿ ಶುಲ್ಕಗಳು ಹೇಗೆ ಹುಟ್ಟುತ್ತವೆ, ಹುಟ್ಟಿದ ಮೇಲೆ ಹೇಗೆ ಸಾಯುವುದಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹನ್ನೆರಡು ವರ್ಷದ ಹಿಂದೆ ಇದ್ದದ್ದು ನಿರ್ವಹಣಾ ಶುಲ್ಕವೊಂದೇ. ಗುಡಿಸುವವರ ಸಂಬಳ, ನೀರಿನ ಪಂಪು, ಮೆಟ್ಟಿಲ ದೀಪ ಎಲ್ಲ ಅದರಲ್ಲೇ ನಡೆಯುತ್ತಿತ್ತು. ಮರುವರ್ಷ ಗೋಡೆಗೆ ಬಣ್ಣ ಹೊಡೆಸಲೆಂದು ‘ತಾತ್ಕಾಲಿಕ’ ಶುಲ್ಕ ಬಂತು. ಬಣ್ಣ ಹೊಡೆದಾಯಿತು, ಅದು ಮಾಸಿತು, ಚಕ್ಕೆಯೆದ್ದು ಉದುರಿತು. ಆ ತಾತ್ಕಾಲಿಕ ಮಾತ್ರ ನಮ್ಮ ರಸೀದಿಯ ಎರಡನೇ ಸಾಲಿನಲ್ಲಿ ಸಂಸಾರ ಹೂಡಿಕೊಂಡು ಸುಖವಾಗಿದೆ. ಮೂರು ವರ್ಷದ ಹಿಂದೆ ‘ಲಿಫ್ಟ್ ನವೀಕರಣ ವಂತಿಗೆ’ ಬಂತು. ಮನೆಗೊಂದು ತಿಂಗಳ ದಿನಸಿಯಷ್ಟು ಕೊಟ್ಟೆವು. ಅದೇ ಲಿಫ್ಟು, ಅದೇ ಗಡಗಡ ಸದ್ದು; ಹೊಸದಾಗಿ ಬಂದದ್ದು ಒಳಗೊಂದು ಕನ್ನಡಿ. ಹಣ ಕೊಟ್ಟವರು ತಮ್ಮ ಮುಖ ತಾವೇ ನೋಡಿಕೊಳ್ಳಲಿ ಎಂದಿರಬೇಕು. ಈ ವರ್ಷ ಅದೇ ವಂತಿಗೆಯ ‘ಎರಡನೇ ಹಂತ’ ಘೋಷಣೆಯಾಯಿತು. ಅದರ ಕೆಳಗೆ, ವಾರಕ್ಕೆರಡು ಸುತ್ತೋಲೆ ಹೊರಡಿಸುವ ಕಾರಣ ನಮ್ಮಲ್ಲಿ ‘ಸುತ್ತೋಲೆ ಸಾಹೇಬರು’ ಎಂದೇ ಖ್ಯಾತರಾದ ಸಂಘದ ಅಧ್ಯಕ್ಷರ ಸಹಿಯಿತ್ತು.

ಲಿಫ್ಟಿಗೆ ಹಣ ಬೇಡವೆಂದು ನಾನು ಹೇಳುವುದಿಲ್ಲ. ನಾಲ್ಕು ಮಹಡಿ ಹತ್ತಿಳಿಯುವವರು ಪುಕ್ಕಟೆಯಾಗಿ ಹತ್ತಿಳಿಯಲಾಗದು. ಅಕ್ಕನೂ ಹಾಗೆ ಹೇಳಲಿಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರದ ಪೆಡಲು ತುಳಿದು, ಊರಿನ ಅರ್ಧ ಮನೆಗಳಿಗೆ ಪರದೆ ಹೊಲಿದು, ಆ ದುಡ್ಡಿನಲ್ಲಿ ಈ ಮನೆ ಕೊಂಡವಳು ಆಕೆ. ಆ ಮಂಡಿಗಳು ಸವೆದದ್ದೂ ಹಾಗೆಯೇ. ಬಟ್ಟೆ ಕೊಟ್ಟವರಿಗೆ ಉಳಿದ ಚಿಂದಿಯನ್ನೂ ಹಿಂದಿರುಗಿಸುತ್ತಿದ್ದವಳು ಕೇಳಿದ್ದು ಇಷ್ಟೇ: ಮೊದಲ ಹಂತದ ಬಿಲ್ಲು ತೋರಿಸಿ. ಎರಡು ಸಲ ಬರೆದಳು, ಉತ್ತರ ಬರಲಿಲ್ಲ. ಆದರೂ ಕಡೆಯ ದಿನಕ್ಕೆ ಮೊದಲೇ ಪೂರ್ತಿ ಮೊತ್ತಕ್ಕೆ ಚೆಕ್ ಬರೆದು, ಜೊತೆಗಿನ ಪಾವತಿ ಚೀಟಿಯ ಕೆಳಗೆ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಸೇರಿಸಿದಳು. ಒಯ್ದವನು ನಾನೇ.

ಪಂಪಿನ ಕೋಣೆಯ ಪಕ್ಕದ ಕಚೇರಿಯಲ್ಲಿ ಖಜಾಂಚಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಏನ್ ಸಾರ್ ಇದು, ಬಾಲ?”

“ಬಾಲ ಅಲ್ಲ, ಆಕ್ಷೇಪಣೆ. ದುಡ್ಡು ಪೂರ್ತಿ ಇದೆ, ನೋಡಿ.”

“ದುಡ್ಡು ಸರಿಯಾಗೇ ಇದೆ. ಈ ಎರಡು ಪದಾನ ಕಂಪ್ಯೂಟರಲ್ಲಿ ಎಲ್ಲಿ ಹಾಕ್ಲಿ? ಅದಕ್ಕೆ ಕಾಲಮ್ಮೇ ಇಲ್ಲ.”

“ಕಾಲಮ್ ಇಲ್ದಿದ್ರೆ ಚೀಟೀನ ಫೈಲಿಗೆ ಹಾಕಿ.”

“ಇವತ್ತು ನಿಮ್ಮಕ್ಕ ಬರೀತಾರೆ, ನಾಳೆ ಇಡೀ ಬ್ಲಾಕೇ ಬರೆಯುತ್ತೆ. ತಗೊಂಡ್ಹೋಗಿ ಸಾರ್. ಬಾಲ ಕತ್ತರಿಸ್ಕೊಂಡು ಬನ್ನಿ.”

ಚೆಕ್ ನನ್ನ ಕೈಗೆ ವಾಪಸು ಬಂತು. ಹತ್ತು ದಿನದ ಮೇಲೆ ಸೂಚನಾ ಫಲಕದ ‘ಸುಸ್ತಿದಾರರು’ ಪಟ್ಟಿಯಲ್ಲಿ ಅಕ್ಕನ ಹೆಸರು ಬಂತು, ಅದರ ಹಿಂದೆಯೇ ಕಾರ್ಡು ರದ್ದಾಯಿತು. ಮೂವತ್ತೊಂದು ವರ್ಷ ಅಚ್ಚಿನ ಕರಡು ತಿದ್ದಿದವನಿಗೆ ಸುಸ್ತಾದವರು ಬೇರೆ, ಸುಸ್ತಿದಾರರು ಬೇರೆ ಎಂದು ಗೊತ್ತಿದೆ. ತಮ್ಮ ಇಲಾಖೆಯೇ ಮುದ್ರೆಯೊತ್ತಿದ ನಮ್ಮ ಸಂಘದ ಹನ್ನೊಂದನೇ ಉಪವಿಧಿಗೂ ಗೊತ್ತಿದೆ. ಸುಸ್ತಿದಾರನೆಂದರೆ ‘ಶುಲ್ಕ ಪಾವತಿಸಲು ನಿರಾಕರಿಸಿದ ಸದಸ್ಯ’ ಎನ್ನುತ್ತದೆ ಅದು. ಇಲ್ಲಿ ನಿರಾಕರಿಸಿದವರು ಯಾರು ಸ್ವಾಮಿ? ಕೊಡಲು ಚಾಚಿದ ಕೈಯೋ, ಬೇಡವೆಂದು ತಳ್ಳಿದ ಕೈಯೋ?

ನನ್ನ ಕಾರ್ಡಿನಲ್ಲಿ ಆಕೆಯನ್ನು ಕರೆದೊಯ್ಯಬಹುದಿತ್ತಲ್ಲ ಎನ್ನುತ್ತೀರಾ? ಅದೇ ಕಟ್ಟಡದ ಒಂದನೇ ಮಹಡಿಯಲ್ಲಿರುವ ನನ್ನ ಕಾರ್ಡು ಒಂದನೇ ಮಹಡಿಗೆ ಮಾತ್ರ ಕೆಲಸ ಮಾಡುತ್ತದೆ. ಅಕ್ಕನ ಎದುರು ಮನೆಯ ಶಾಲಾ ಶಿಕ್ಷಕಿ ಒಂದು ದಿನ ಆಕೆಯನ್ನು ಲಿಫ್ಟಿನೊಳಕ್ಕೆ ಕರೆದರು. ಬಾಗಿಲು ಮುಚ್ಚುವ ಮೊದಲೇ ಲಿಫ್ಟಿನ ಕ್ಯಾಮೆರಾದಲ್ಲಿ ಕಂಡ ಯಾರೋ ಕೆಳಗಿನಿಂದ ಲಿಫ್ಟ್ ನಿಲ್ಲಿಸಿದರು. ಸಂಜೆಯೊಳಗೆ ಸುತ್ತೋಲೆ: ‘ಸುಸ್ತಿದಾರರಿಗೆ ಲಿಫ್ಟಿನಲ್ಲಿ ಜಾಗ ಕೊಟ್ಟವರನ್ನೂ ಸುಸ್ತಿದಾರರೆಂದೇ ಪರಿಗಣಿಸಲಾಗುವುದು.’ ಆ ಹೆಣ್ಣುಮಗಳು ಈಗ ಅಕ್ಕನ ಬಾಗಿಲಿನ ಮುಂದೆ ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಅವರ ಮನೆಯಲ್ಲಿ ಗಾಲಿಕುರ್ಚಿಯ ಮಾವನಿದ್ದಾರೆ.

ವೈದ್ಯರು ಕರೆದ ದಿನ ಕಾವಲುಗಾರನೂ ಕೊಳಾಯಿ ರಿಪೇರಿಯವನೂ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು. “ಮೆಲ್ಲಗೆ ಕಣ್ರಪ್ಪಾ,” ಎಂದಳು ಅಕ್ಕ, “ನಾನು ಒಡೆದ್ರೆ ಅದಕ್ಕೂ ಒಂದು ವಿಶೇಷ ವಂತಿಗೆ ಹಾಕ್ತಾರೆ.” ಇಬ್ಬರೂ ನಕ್ಕರು. ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿಯ ಹಿಂಗಾಲು ಚಟ್ಟೆಂದು ಸೀಳಿತು. ಅಕ್ಕ ಮುಂದಕ್ಕೆ ಜಾರಿದಳು. ಕೊಳಾಯಿಯವನು ಎದೆಯೊಡ್ಡಿ ತಡೆಯದಿದ್ದರೆ ಈ ಪತ್ರವನ್ನು ತಮಗಲ್ಲ, ಪೊಲೀಸರಿಗೆ ಬರೆಯುತ್ತಿದ್ದೆ. ಬೇರೆ ಕುರ್ಚಿ ತಂದು ಇಳಿಸಿ, ಸಂಜೆ ಹಾಗೆಯೇ ಹೊತ್ತು ಹತ್ತಿಸಿದರು; ಆಮೇಲೆ ಯಾರೂ ನಗಲಿಲ್ಲ. ಆ ದಿನದಿಂದ ಆಕೆ ಕುರ್ಚಿಯ ಮಾತೆತ್ತಿದರೇ ಬೆವರುತ್ತಾಳೆ.

ಮೊದಲ ಎರಡು ತಿಂಗಳಲ್ಲಿ ಮಂಡಿ ಬಗ್ಗದಿದ್ದರೆ ಮುಂದೆ ಬಗ್ಗುವುದು ಕಷ್ಟ ಎಂದು ವೈದ್ಯರು ಹೇಳಿದ್ದಾರೆ. ವ್ಯಾಯಾಮದ ಯಂತ್ರ ಇರುವುದು ಆಸ್ಪತ್ರೆಯಲ್ಲಿ, ಅದು ಮೆಟ್ಟಿಲು ಹತ್ತಿ ಬರುವುದಿಲ್ಲ. ಇನ್ನು ಉಳಿದಿರುವುದು ಹದಿನೆಂಟು ದಿನ. ಹೆದರಿ ನಾನೇ ಹೇಳಿದೆ: “ಎರಡು ಪದ ತಾನೇ ಅಕ್ಕಾ, ಹೊಡೆದು ಹಾಕಿಬಿಡು. ಮೊದಲು ಕಾಲು ನೋಡ್ಕೋ.”

“ನೀನು ಕಟ್ಟಿದೆಯಲ್ಲ, ಬಿಲ್ಲು ಕೇಳಿದ್ಯಾ?” ಎಂದಳು. “ಆ ಪದ ಹೊಡೆದ್ರೆ ಮಂಡಿ ಜೊತೆಗೆ ತಲೇನೂ ಬಗ್ಗುತ್ತೆ ಕಣೋ. ನಂಗೆ ಮಂಡಿ ಮಾತ್ರ ಬಗ್ಗಬೇಕು.”

ತಮ್ಮ ಕಚೇರಿಗೂ ಬಂದಿದ್ದೆ. ದೂರಿನ ಅರ್ಜಿಯ ಜೊತೆ ಬಾಕಿ ಇಲ್ಲವೆಂಬ ಬೇಬಾಕಿ ಪತ್ರವನ್ನು ಸಂಘದಿಂದಲೇ ತರಬೇಕೆಂದರು ಗುಮಾಸ್ತರು. “ದೂರು ಇರೋದೇ ಸಂಘದ ಮೇಲೆ” ಎಂದೆ. “ಅದಕ್ಕೇ ಸಾರ್, ಅವರ ಹತ್ರಾನೇ ತಗೋಬೇಕು” ಎಂದರು. ಬಡಪಾಯಿ, ತಮಾಷೆ ಮಾಡುತ್ತಿರಲಿಲ್ಲ. ಅಂಚೆಯಲ್ಲಿ ಕಳಿಸಿದ ದೂರಿಗೆ ತಮ್ಮ ಸಹಿಯ ಉತ್ತರ ಬಂತು: ‘ಇದು ಸಂಘದ ಆಂತರಿಕ ವಿಷಯ, ಮಹಾಸಭೆಯಲ್ಲಿ ಪ್ರಸ್ತಾಪಿಸುವುದು.’ ಸುಸ್ತಿದಾರರಿಗೆ ಮಹಾಸಭೆಯಲ್ಲಿ ಮಾತೂ ಇಲ್ಲ, ಮತವೂ ಇಲ್ಲ. ಶುಲ್ಕವನ್ನು ಪ್ರಶ್ನಿಸಲು ಸಭೆಗೆ ಹೋಗಬೇಕು. ಸಭೆಗೆ ಹೋಗಲು ಪ್ರಶ್ನಿಸದೆ ಶುಲ್ಕ ಕಟ್ಟಬೇಕು. ಇಷ್ಟು ಅಚ್ಚುಕಟ್ಟಾದ ಬೋನನ್ನು ಇಲಿ ಹಿಡಿಯುವವರೂ ಮಾಡಲಾರರು. ಉಪವಿಧಿಗೆ ಮುದ್ರೆಯೊತ್ತುವಾಗ ಅದು ಸಂಘದ ಆಂತರಿಕ ವಿಷಯವಾಗಿರಲಿಲ್ಲವೇ?

ಆದ್ದರಿಂದ ಬೇಡಿಕೆ ಒಂದೇ. ಆಕ್ಷೇಪಣೆ ಬರೆದು ಪೂರ್ತಿ ಶುಲ್ಕ ಕೊಡಲು ಬಂದ ಸದಸ್ಯೆ ಸುಸ್ತಿದಾರಳೇ, ಅಲ್ಲವೇ? ಹೌದೆಂದರೆ ಯಾವ ಕಾನೂನಿನಲ್ಲಿ ಎಂದು ತಿಳಿಸಿ. ಅಲ್ಲವೆಂದರೆ ಆಕೆಯ ಕಾರ್ಡನ್ನು ಅಂದೇ ಚಾಲೂ ಮಾಡುವಂತೆ ಸಂಘಕ್ಕೆ ಆದೇಶಿಸಿ. ಉತ್ತರವನ್ನು ಲಕೋಟೆಯಲ್ಲಿ ಹಾಕಿ ನನಗೆ ಕಳಿಸಬೇಡಿ. ಲಕೋಟೆಯ ಉತ್ತರ ಒಮ್ಮೆ ಓದಿದ್ದೇನೆ. ಈ ಬಹಿರಂಗ ಪತ್ರ ಅಚ್ಚಾದ ಇದೇ ಪತ್ರಿಕೆಯಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, ತಮ್ಮ ಹುದ್ದೆಯ ಮುದ್ರೆಯೊಂದಿಗೆ ಏಳು ದಿನದೊಳಗೆ ಪ್ರಕಟಿಸಿ. ಎಂಟನೆಯ ದಿನ ಬರುವ ಉತ್ತರವೂ ನ್ಯಾಯವಾಗಿಯೇ ಇರಬಹುದು. ಮಂಡಿ ಮಾತ್ರ ಕಾಯುವುದಿಲ್ಲ.

ಇಂತಿ ತಮ್ಮ
(ತಮ್ಮವನೆಂದಲ್ಲ, ಆಕೆಯ ತಮ್ಮ;
ಎರಡು ಹಂತವನ್ನೂ ಬಾಯಿ ಬಿಡದೆ ಕಟ್ಟಿ, ದಾಖಲೆಯಲ್ಲಿ ‘ಉತ್ತಮ ಸದಸ್ಯ’ನಾಗಿ ಉಳಿದವನು)