ನಾನು ಮುಟ್ಟಿದ ಫಿಲ್ಟರ್

ಕಣಕಟ್ಟೆ
೧೪-೭-೨೦೨೪

ಪ್ರೀತಿಯ ಅಮ್ಮನಿಗೆ,

ಫೋನ್ ಇದ್ದೂ ಪತ್ರ ಬರೆಯುತ್ತಿದ್ದೇನೆ, ಸಾರಿ. ಫೋನಿನಲ್ಲಾದರೆ ಅತ್ತುಬಿಡುತ್ತೇನೆ, ಅಜ್ಜಿಗೆ ಕೇಳಿಸುತ್ತದೆ. ಕಾಗುಣಿತ ತಪ್ಪಿದ್ದರೆ ಬೈಯಬೇಡ.

ಕಾಲೇಜ್ ಪ್ರಾಜೆಕ್ಟಿಗೆ ಇಲ್ಲಿನ ಮನೆಗಳಿಗೆ ಮಣ್ಣಿನ ಫಿಲ್ಟರ್ ಕೊಟ್ಟಿದ್ದೇವಲ್ಲ, ಪ್ರತಿ ವಾರ ಅದರ ನೀರನ್ನು ಟೆಸ್ಟ್ ಬಾಟಲಿಗೆ ಹಿಡಿದಿಡುವುದು ನನ್ನ ಕೆಲಸ. ಕಪ್ಪಾದರೆ ನೀರು ಕೆಟ್ಟಿದೆ ಎಂದರ್ಥ. ಎಲ್ಲರ ಮನೆಯದೂ ತಿಳಿ. ಬೋರಮ್ಮನವರದು ಮಾತ್ರ ಮೊದಲ ಸಲ ತಿಳಿಯಾಗಿತ್ತು, ಆಮೇಲೆ ಬರೀ ಕಪ್ಪು. ಅವರ ಮಗಳು ಹೇಮಾಶ್ರೀಯ ಎಂಟು ತಿಂಗಳ ಕೂಸು ಭೇದಿಯಿಂದ ಒಣಗಿಹೋಗಿದೆ. ಅರಸೀಕೆರೆಯಲ್ಲಿ ಡ್ರಿಪ್ ಹಾಕಿಸಿ ತಂದರು, ಮತ್ತೆ ಶುರುವಾಯಿತು. ಸರ್ ಫಿಲ್ಟರನ್ನೇ ಬದಲಾಯಿಸಿದರು. ಅದೂ ಕಪ್ಪು.

ಮೊನ್ನೆ ಅವರ ಮನೆಯಲ್ಲಿ ಪೆನ್ ಬಿಟ್ಟು ಬಂದಿದ್ದೆ. ವಾಪಸ್ ಹೋದರೆ, ಬೋರಮ್ಮ ಫಿಲ್ಟರನ್ನು ಹಿತ್ತಲಿಗೆ ತಂದು, ಸೋಸಿದ ನೀರನ್ನೆಲ್ಲ ಚೆಲ್ಲಿ, ಗಂಜಲ ಬೆರೆಸಿದ ತೊಟ್ಟಿ ನೀರಿನಲ್ಲಿ ಒಳಗೂ ಹೊರಗೂ ತೊಳೆಯುತ್ತಿದ್ದರು. ಮೊದಲ ದಿನ ನೀನು ಯಾರ ಪೈಕಿ ಎಂದು ಅವರು ಕೇಳಿದಾಗ, ಕೇರಿಯ ಮಾರಮ್ಮನ ಮೊಮ್ಮಗಳು ಎಂದು ಖುಷಿಯಿಂದ ಹೇಳಿದ್ದೆನಮ್ಮ.

ಅವರಿಗೆ ಗಾಬರಿಯೂ ಆಗಲಿಲ್ಲ. ‘ನಿನ್ ಮ್ಯಾಲೇನಿಲ್ಲ ಕಣವ್ವ, ಬೇಜಾರ್ ಮಾಡ್ಕಬ್ಯಾಡ. ನೀನ್ ಮುಟ್ಟಿದ್ದಲ್ವಾ? ಕೂಸು ಕುಡ್ಯೋ ನೀರು, ಸುದ್ದ ಇರ್ಬೇಕು’ ಎಂದರು. ತೊಳೆಯುವ ನೀರೇ ಕೆಡಿಸುತ್ತಿದೆ ಎಂದು ಬಿಡಿಸಿ ಹೇಳಿದೆ. ‘ಗಂಜಲ್ದಿಂದ ಯಾರ್ಗವ್ವ ಏನಾಗೈತೆ?’ ಎಂದು ನಕ್ಕರು. ನಾನು ‘ಓಕೆ ಆಂಟಿ’ ಎಂದು ಬಂದುಬಿಟ್ಟೆ. ಓಕೆ ಎಂದೆನಲ್ಲ!

ಯಾವಾಗಲೂ ಗ್ಲೌಸ್ ಹಾಕಿಕೊಂಡೇ ಮುಟ್ಟಿದ್ದೆ ಅಮ್ಮ.

ಅಜ್ಜಿಗೆ ಹೇಳಿದರೆ, ‘ನಮ್ಗೆ ಮ್ಯಾಲಿಂದ ಬೊಗ್ಸೆಗೆ ನೀರ್ ಹುಯ್ಯೋರು ಕಣೇ. ನಿನ್ನ ಅಡ್ಗೆಮನೆ ತಂಕ ಬುಟ್ಟವ್ರಲ್ಲ’ ಎಂದು ಹೆಮ್ಮೆಯಿಂದ ಮುದ್ದೆ ತಿರುವಿದರು. ಇದೆಲ್ಲ ನನ್ನ ಕಿವಿಗೆ ಬೀಳಬಾರದೆಂದೇ ತಾನೇ ನೀನು ಐದನೇ ಕ್ಲಾಸಿಗೇ ಹಾಸ್ಟೆಲಿಗೆ ಹಾಕಿದ್ದು? ಈಗ ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ಗೊತ್ತಾಗುತ್ತಿಲ್ಲ. ನಾನು ಹೋದಷ್ಟು ಸಲವೂ ಆ ಕೂಸಿನ ನೀರು ಕೆಡುತ್ತದೆ. ಅದು ಯಾಕೆ ಕೆಡುತ್ತಿದೆ ಎಂದು ಸರ್‌ಗೆ ಹೇಳಬೇಕೆಂದರೆ ಇಡೀ ಕ್ಲಾಸಿನ ಮುಂದೆ ನಾನು ಯಾರೆಂದು ಹೇಳಬೇಕು. ಹೇಳಲಾ? ದಯವಿಟ್ಟು ಬೇಗ ಉತ್ತರ ಬರೆ.

ನಿನ್ನ
ಅರುಣಾ

ಮರೆತಿದ್ದೆ: ಮುಂದಿನ ವಾರದಿಂದ ಬೋರಮ್ಮನವರ ಮನೆಗೆ ನಮ್ಮ ಕ್ಲಾಸಿನ ದೀಪಕ್ ಗೌಡ ಹೋಗುತ್ತಾನೆ. ನನಗೆ ಜ್ವರ ಎಂದು ಸರ್‌ಗೆ ನಿನ್ನೆಯೇ ಮೆಸೇಜ್ ಹಾಕಿದೆ. ಅವನು ಮುಟ್ಟಿದರೆ ಅವರು ತೊಳೆಯುವುದಿಲ್ಲ. ಕೂಸು ಉಳಿಯುತ್ತದೆ.