ಆರನೇ ಪ್ರಶ್ನೆಗೆ ಉತ್ತರ

ಅಂಗಡಿಯಿಂದ,
ಸೋಮವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಜಗಳಗಂಟಿಗೆ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ದಿನವಿಡೀ ರೋಗಿಗಳನ್ನು ಎತ್ತಿ ಇಳಿಸುವವಳು ಹಾಸ್ಟೆಲ್ಲಿನ ಆ ಗುಂಡಿಬಿದ್ದ ಹಾಸಿಗೆಯಲ್ಲಿ ಮಲಗಬೇಡ, ನೆಲದ ಮೇಲೆ ಚಾಪೆ ಹಾಸಿಕೋ ಎಂದು ಅಮ್ಮ ಹೇಳುತ್ತಿದ್ದಾಳೆ. ನಾವೆಲ್ಲ ಚೆನ್ನಾಗಿದ್ದೇವೆ. ಮಗಳಿಗೆ ಮುಂದಿನ ಇನ್ನೊಂದು ಹಲ್ಲು ಬಿದ್ದಿದೆ. ಈಗ ಬೈದರೆ ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತದೆ, ಆದರೂ ಬೈಯುವುದನ್ನು ಬಿಟ್ಟಿಲ್ಲ. ಯಾರ ಮಗಳು! ನೀನು ಡಯಾಲಿಸಿಸ್ ತರಬೇತಿಗೆ ಹೋಗಿ ಎರಡು ತಿಂಗಳಾಯಿತು. ನನ್ನನ್ನು ಗದರುವವರು ಮನೆಯಲ್ಲಿ ಇಬ್ಬರೇ ಉಳಿದಿದ್ದಾರೆ ಎಂಬ ಕೊರತೆ ಬಿಟ್ಟರೆ ಎಲ್ಲ ಸುಖ.

ಫೋನಿರುವಾಗ ಇದೇನು ಪತ್ರ ಎಂದು ನಗಬೇಡ. ಫೋನಿನಲ್ಲಿ ನಾನು ಮಾತು ಶುರು ಮಾಡುವಷ್ಟರಲ್ಲಿ ನೀನು ಅದನ್ನು ಮುಗಿಸಿ ತೀರ್ಪನ್ನೂ ಕೊಟ್ಟಿರುತ್ತೀ. ನಿಮ್ಮ ವಾರ್ಡಿನ ಹಿರಿಯ ಸಿಸ್ಟರ್ ಇವತ್ತು ತರಬೇತಿ ಕೇಂದ್ರಕ್ಕೆ ಹೊರಟಿದ್ದಾರೆ. ಗುರುವಾರ ನೀನು ರೈಲಿಳಿದು ನೇರ ನರ್ಸಿಂಗ್ ಕೌನ್ಸಿಲಿನ ವಿಚಾರಣೆಗೇ ಹೋಗುವವಳಲ್ಲವೇ, ಅದಕ್ಕೆ ಮೊದಲು ಇದು ನಿನ್ನ ಕೈಸೇರಲಿ ಎಂದು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಆ ಕನ್ನಡಿಯ ವಿಷಯ ನೆನೆದರೆ ಈಗಲೂ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಹೋದ ವರ್ಷ ಎರಡು ಪಾಳಿ ಒಟ್ಟಿಗೇ ದುಡಿದು ಬಂದವಳು, ಎದುರುಮನೆ ಕಂಟ್ರಾಕ್ಟರು ಮತ್ತೆ ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿದ್ದು ಕಂಡು ಕೊಡೆಯಿಂದ ಅದರ ಕನ್ನಡಿ ಒಡೆದೆ. ಅವನದು ತಪ್ಪು ಹೌದು, ನಿನ್ನದೂ ತಪ್ಪೇ. ನೀನೇ ಠಾಣೆಗೆ ಹೋಗಿ ಒಪ್ಪಿಕೊಂಡು ದಂಡ ಕಟ್ಟಿ ಬಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನೀನು ಊರುಬಿಟ್ಟ ವಾರವೇ ನರ್ಸಿಂಗ್ ಕೌನ್ಸಿಲಿನಿಂದ ನೋಂದಣಿ ನವೀಕರಣದ ಫಾರಂ ಬಂತು. ಆರನೇ ಪ್ರಶ್ನೆ, ಕಳೆದ ವರ್ಷ ಪೊಲೀಸರಿಂದ ದಂಡವೇನಾದರೂ ಆಗಿದೆಯೇ, ಕೆಲಸಕ್ಕೆ ಸಂಬಂಧಿಸಿರದಿದ್ದರೂ ತಿಳಿಸಿ ಎಂದು. ಕಡೇ ದಿನ ಮರುದಿನವೇ, ನಿನಗೋ ಪರೀಕ್ಷೆ. ಎಲ್ಲಿಯ ಕಾರಿನ ಕನ್ನಡಿ, ಎಲ್ಲಿಯ ಇಂಜೆಕ್ಷನ್ ಎಂದುಕೊಂಡು ‘ಇಲ್ಲ’ ಎಂಬಲ್ಲಿ ಗುರುತು ಹಾಕಿ, ಕೆಳಗೆ ನಿನ್ನ ಸಹಿಯನ್ನೂ ಗೀಚಿ ಕಳಿಸಿಬಿಟ್ಟೆ. ದೊಡ್ಡ ಉಪಕಾರ ಮಾಡಿದೆನೆಂದು ಆ ದಿನ ಎಷ್ಟು ಬೀಗಿದ್ದೆ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅಮ್ಮ ಈಗ ದಿನಕ್ಕೆರಡು ಸಲ ನೆನಪಿಸುತ್ತಾಳೆ.

ಆ ಕಂಟ್ರಾಕ್ಟರು ದಂಡದ ರಸೀದಿಯ ನಕಲನ್ನು ಕೌನ್ಸಿಲಿಗೆ ಕಳಿಸಿದ ಮೇಲೆ ಹಿರಿಯ ಸಿಸ್ಟರ್ ಮನೆಗೆ ಬಂದಿದ್ದರು. “ಕನ್ನಡಿಗಾದ್ರೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಬಿಡ್ತಿದ್ರು. ಸುಳ್ಳು ಬರೆದದ್ದಕ್ಕೆ ನೋಂದಣಿನೇ ಹೋಗಬಹುದು” ಎಂದರು. ಗೇಟಿನ ಹತ್ತಿರ ನಡೆದದ್ದಕ್ಕೂ ವಾರ್ಡಿಗೂ ಏನು ಸಂಬಂಧ ಎಂದು ನಾನು ವಾದಕ್ಕಿಳಿದೆ. “ಎರಡು ಗಂಟೆಗೆ ಔಷಧಿ ಕೊಟ್ಟೆ ಅಂತ ಅವಳು ಚಾರ್ಟಲ್ಲಿ ಬರೆದ್ರೆ, ಮುಂದಿನ ಪಾಳಿಯವಳು ರೋಗೀನ ಎಬ್ಬಿಸಿ ಕೇಳ್ತಾಳಾ? ಬರೆದದ್ದನ್ನ ನಂಬ್ತಾಳೆ, ಅಷ್ಟೇ” ಎಂದರು. ನಾನು ಅಂಗಿಯ ಅಳತೆ ತಪ್ಪಿದರೆ ಗಿರಾಕಿ ಬೈದು ಹೋಗುತ್ತಾನೆ, ಸಾಯುವುದಿಲ್ಲ.

ಶನಿವಾರ ನಿನಗೆ ಫೋನಿನಲ್ಲಿ ಎಲ್ಲ ಒಪ್ಪಿಸಿ, ಬೈಗುಳಕ್ಕೆ ಕಿವಿ ಸಜ್ಜು ಮಾಡಿಕೊಂಡು ಕೂತಿದ್ದೆ. ನೀನು ಬೈಯಲೇ ಇಲ್ಲ. “ಸಹಿ ನಿಮ್ಮದು ಅಂತ ಗೊತ್ತಾದ್ರೆ ನಿಮ್ಮ ಮೇಲೆ ಕೇಸಾಗುತ್ತೆ. ನಾನೇ ಮರೆತು ಹಾಗೆ ಬರೆದೆ ಅಂತೀನಿ. ನೀವು ಬಾಯಿ ಮುಚ್ಕೊಂಡು ಬಟ್ಟೆ ಹೊಲೀರಿ” ಎಂದೆ. ನಾನು ಹೂಂ ಎಂದೆ. ಆಮೇಲೆ ಹೊಲಿಗೆಗೆ ಕೂತರೆ ಹಳೆಯದೊಂದು ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಅಜ್ಜನಿಗೆ ಡ್ರಿಪ್ ಜೋರಾಗಿ ಬಿಟ್ಟಿದ್ದೆಯಲ್ಲ, ಯಾರೂ ನೋಡಿರಲಿಲ್ಲ, ಅಜ್ಜನಿಗೂ ಏನೂ ಆಗಿರಲಿಲ್ಲ. ಆದರೂ ನೀನೇ ಡಾಕ್ಟರಿಗೆ ಹೇಳಿ, ಚಾರ್ಟಲ್ಲಿ ಬರೆದು, ಮನೆಗೆ ಬಂದು ಅತ್ತೆ. ಅಂಥವಳು ಹದಿನಾರು ವರ್ಷದ ಮೇಲೆ ಮೊದಲ ಸಲ ಸುಳ್ಳು ಹೇಳುವುದು ನನಗಾಗಿ ಎಂದರೆ ನಾಚಿಕೆಯಾಗುತ್ತದೆ ಕಣೇ. ನಿನ್ನ ಮೇಲೆ ಎಷ್ಟು ಪ್ರೀತಿ ಉಕ್ಕಿತೋ ನನ್ನ ಮೇಲೆ ಅಷ್ಟೇ ಸಿಟ್ಟು ಬಂತು.

ಗುರುವಾರ ಉಟ್ಟುಕೊಳ್ಳಲೆಂದು ನಿನ್ನ ಬೂದುಬಣ್ಣದ ಸೀರೆಗೆ ಹೊಸ ರವಿಕೆ ಹೊಲಿದು ಕಳಿಸಿದ್ದೇನೆ. ಪಕ್ಕಗಳಲ್ಲಿ ಒಂದೊಂದಿಂಚು ಹೆಚ್ಚಿಗೆ ಬಿಟ್ಟಿದ್ದೇನೆ, ಯಾಕೆಂದು ಕೇಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ, ಮಗಳ ಮುತ್ತು, ನಿನಗೆ.

ನಿನ್ನವನೇ ಆದ,
ದರ್ಜಿ

ತಾ.ಕ. ಸಿಸ್ಟರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾರೆ, ಅದಕ್ಕೇ ಅವಸರ. ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಕೌನ್ಸಿಲ್ ಕಚೇರಿಗೆ ಹೋಗಿದ್ದೆ. ಗುರುತು ಹಾಕಿದವನೂ ನಾನೇ, ಸಹಿ ಮಾಡಿದವನೂ ನಾನೇ, ಅವಳಿಗೆ ಗೊತ್ತೇ ಇರಲಿಲ್ಲ ಎಂದು ಬರೆದು ಕೊಟ್ಟು ಬಂದೆ. ಪೊಲೀಸರಿಗೂ ತಿಳಿಸಬೇಕಾಗುತ್ತದೆ ಎಂದರು, ತಿಳಿಸಿ ಎಂದೆ. ಇನ್ನು ನೀನು ‘ಮರೆತೆ’ ಎಂದರೆ ಸುಳ್ಳು ನಿನ್ನದಾಗುತ್ತದೆ. ಬೈಯುವುದಿದ್ದರೆ ಮನೆಗೆ ಬಂದು ಎಷ್ಟು ಬೇಕಾದರೂ ಬೈ. ಗುರುವಾರ ಅವರ ಮುಂದೆ ಮಾತ್ರ ನನ್ನನ್ನು ಉಳಿಸಬೇಡ.