ಸತ್ತ ಮಾತಿನ ಗುರುತು

ಥ್ವೇಟ್, ಸ್ವೇಲ್‌ಡೇಲ್
೯ ಡಿಸೆಂಬರ್ ೧೯೦೨, ಮಂಗಳವಾರ

ಪ್ರೀತಿಯ ತಮ್ಮ ಆಂಬ್ರೋಸ್‌ಗೆ,

ನಿನ್ನ ಕೆಮ್ಮು ಹೇಗಿದೆ? ಲೀಡ್ಸಿನ ಹೊಗೆಯಲ್ಲಿ ಎದೆಗೆ ಉಣ್ಣೆ ಸುತ್ತಿಕೊಳ್ಳದೆ ಓಡಾಡಬೇಡ. ನನಗಂತೂ ನೆಟ್ಟಗೆ ನಿದ್ದೆಯಿಲ್ಲ. ನಿನ್ನೆ ಕೆಟ್ಟ ಕನಸು ಬಿತ್ತು: ನಮ್ಮ ಟಾಮರ್ ಅತ್ತೆಯನ್ನು ಶವದ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆಯುತ್ತಿದ್ದಾರೆ, ಅವಳು ಒಳಗಿನಿಂದ ಮಾತಾಡುತ್ತಲೇ ಇದ್ದಾಳೆ, ಯಾರಿಗೂ ಕೇಳಿಸುತ್ತಿಲ್ಲ. ಎದ್ದವಳೇ ಹೋಗಿ ನೋಡಿದೆ. ಗೊರಕೆ ಹೊಡೆಯುತ್ತಿದ್ದಳು, ದೇವರು ದೊಡ್ಡವನು.

ಇದಕ್ಕೆಲ್ಲ ನಿನ್ನ ಕಾಗದವೇ ಕಾರಣ. ನೀವು ಕಟ್ಟುತ್ತಿರುವ ನಿಘಂಟಿನಲ್ಲಿ ‘ಸೀದ್’ ಎಂಬ ಮಾತನ್ನು ‘ಬೇಯಿಸು’ ಎಂಬ ಅರ್ಥದಲ್ಲಿ ಈಗ ಯಾರೂ ಆಡುವುದಿಲ್ಲ, ಆ ಅರ್ಥದ ಪಕ್ಕದಲ್ಲಿ ಸತ್ತದ್ದೆಂದು ಶಿಲುಬೆ ಗುರುತು ಬೀಳುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ಅತ್ತೆಗೆ ಓದಿ ಹೇಳಬಾರದಿತ್ತೋ ಏನೋ, ಹೇಳಿಬಿಟ್ಟೆ. ಹಿಂದೆ ಯಾವಾಗಲೋ ಸಮುದ್ರ ದಾಟಿ ಬಂದವರು ತಂದ ಮಾತು, ಅವರು ಮಾಂಸ ಬೇಯಿಸುವಾಗ ಇದನ್ನೇ ಆಡುತ್ತಿದ್ದರು, ನೆನೆದು ತೊಪ್ಪೆಯಾದ ಬಟ್ಟೆಗೆ ಹೇಳುವ ‘ಸಾಡನ್’ ಎಂಬ ಮಾತೂ ಇದರ ಮಗುವೇ ಎಂದು ಓದುವವರೆಗೆ ಹ್ಞೂಂಗುಟ್ಟಿದಳು. ಪೇಟೆಯಲ್ಲಿ ಈಗ ಮನುಷ್ಯರ ಕೋಪಕ್ಕೆ ಮಾತ್ರ ಉಳಿದಿದೆ ಎಂದದ್ದೇ ತಡ, “ಯಾಕಂತೆ, ಪೇಟೆಯೋರ ಮನೇಲಿ ಪಾತ್ರೆಗೆ ಹಾಕೋಕೆ ಏನೂ ಇಲ್ವಂತಾ? ದಿನಾ ನಾನಾಡೋ ಮಾತಿಗೆ ಗೋರಿ ಕಟ್ತಾನಂತೆ! ಬದುಕಿದೀನಿ ಅಂತ ಬರಿಯೇ ಅವನಿಗೆ” ಎಂದು ಕೋಲು ಕುಟ್ಟಿದಳು. ಆಮೇಲೆ ತಾನೇ ಸಮಾಧಾನವಾಗಿ ಹೇಳಿದಳು: “ಕುದಿಯೋದು ಅಂದ್ರೆ ಕುಣಿಯೋದು. ಸೀದ್ ಅಂದ್ರೆ ನೀರು ಸುಮ್ನೆ ಮೈ ಮುರಿಯೋದು. ಬಾರ್ಲಿ ಕಾಳು ತಾನಾಗೇ ಬಾಯಿ ಬಿಡ್ಬೇಕು, ಹೊಡೆದು ಬಿಡಿಸ್ಬಾರ್ದು.”

ನಾನು ಉಣ್ಣೆ ಹಿಂಜಲು ಅರ್ಧಕ್ಕೇ ಶಾಲೆ ಬಿಟ್ಟವಳು, ನಿಮ್ಮ ದೊಡ್ಡವರಿಗೆ ಹೇಳುವಷ್ಟು ತಿಳಿವಳಿಕೆ ನನಗೆಲ್ಲಿಂದ? ಆದರೂ ಕೇಳುತ್ತೇನೆ, ಮಾತು ಬದುಕಿದೆ ಅನ್ನಲು ಆಡುವವರು ಎಷ್ಟು ಮಂದಿ ಬೇಕು? ಒಬ್ಬಳು ಸಾಲದೇ? ಅವಳಿಗೆ ಏನಾದರೂ ಆದರೆ ಎಂಬುದೇ ನನ್ನ ದಿಗಿಲು. ನಾನೂ ಸೇರಿ ನಾವೆಲ್ಲ ಆ ಮಾತು ಬಿಟ್ಟು ಎಷ್ಟೋ ಕಾಲವಾಯಿತು.

ಅತ್ತೆಯ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ಬೈದರೂ ಅವಳು ನಿನ್ನವಳೇ.

ನಿನ್ನ ಅಕ್ಕ,
ಹೆಪ್ಸಿಬಾ

ಮರೆಯುವ ಮೊದಲು: ಹಿಮ ಬಿದ್ದು ಟಪ್ಪಾಲಿನವನು ಬರಲಿಲ್ಲ, ಕಾಗದ ಇಲ್ಲೇ ಉಳಿಯಿತು. ಇವತ್ತು ಗುರುವಾರ ಬೆಳಿಗ್ಗೆ ಅತ್ತೆಗೆ ಬಲಭಾಗ ಬಿದ್ದುಹೋಯಿತು. ವೈದ್ಯರು ಬಂದು ನೋಡಿದರು, ಜೀವಕ್ಕೆ ಭಯವಿಲ್ಲವಂತೆ, ಮಾತು ಮಾತ್ರ ಇನ್ನು ಬರುವುದಿಲ್ಲವಂತೆ. ಎಡಗೈಯನ್ನು ಒಲೆಯ ಕಡೆ ಚಾಚಿ ಚಾಚಿ ಏನೋ ಹೇಳಲು ಒದ್ದಾಡಿದಳು. ನೋಡಿದರೆ ಬಾರ್ಲಿ ಪಾತ್ರೆ ಉಕ್ಕಿ ಕುಣಿಯುತ್ತಿತ್ತು. ಪಕ್ಕಕ್ಕೆ ಎಳೆದು, “ಕುದಿಯೋಕೆ ಬಿಡಲ್ಲ ಅತ್ತೆ, ಸೀದ್ ಆಗ್ಲಿ” ಎಂದು ಗಟ್ಟಿಯಾಗಿ ಹೇಳಿದೆ. ಕೈ ಇಳಿಸಿದಳು. ಈಗ ಆ ಮಾತು ಆಡುವವಳು ನಾನು. ಅಚ್ಚಿಗೆ ಹೋಗುವ ಮೊದಲು ಆ ಹಾಳೆಯಲ್ಲಿ ಶಿಲುಬೆ ಬೇಕೋ ಬೇಡವೋ, ಇನ್ನೊಂದು ಸಲ ನೋಡಪ್ಪ.